ನೀಲಕ್ಕನ ಪಥ್ಯ

ಚಳಿಗಾಲ ಮುಗಿಯುವವರೆಗೂ ಕಬ್ಬಿನ ಗಾಣದ ಹೊಗೆ ನಮ್ಮೂರ ಮೇಲಿಂದ ಕದಲದಿದ್ದ ಕಾಲ ಅದು. ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿಗೆ ಹೋಗುವ ದಾರಿ ಬಿಟ್ಟು ಮೂರು ಮೈಲಿ ಒಳಗೆ ನಡೆದರೆ ನಮ್ಮೂರು. ಊರು ಕಣ್ಣಿಗೆ ಬೀಳುವ ಮೊದಲೇ ಬೆಲ್ಲದ ವಾಸನೆ ಮೂಗಿಗೆ ಬರುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಪಾಟಿಚೀಲ ಮನೆಯೊಳಗೆ ಎಸೆದು ಗಾಣಕ್ಕೆ ಓಡುತ್ತಿದ್ದೆವು. ಕಬ್ಬಿನ ತುಂಡನ್ನು ಬಿಸಿ ಬೆಲ್ಲದಲ್ಲಿ ಅದ್ದಿ, ಊದಿ ಊದಿ, ನಾಲಿಗೆ ಸುಟ್ಟುಕೊಂಡೇ ತಿನ್ನುತ್ತಿದ್ದೆವು. ನೀವೂ ತಿಂದಿದ್ದರೆ ಆ ರುಚಿ ಗೊತ್ತಿರುತ್ತದೆ. ನಾನು ಅದನ್ನು ಬಾಯಿಗಿಟ್ಟು ನಲವತ್ತು ವರ್ಷವಾಯಿತು. ಎಲ್ಲಾದರೂ ಬೆಲ್ಲ ಕಾಯಿಸುವ ವಾಸನೆ ಬಂದರೆ ಈಗಲೂ ದಾರಿ ಬದಲಿಸುತ್ತೇನೆ.

ನನಗಾಗ ಹತ್ತು ವರ್ಷ, ನನ್ನ ಅಕ್ಕ ನೀಲವ್ವನಿಗೆ ಹದಿನಾರು. ಊಟದಲ್ಲಿ ಅಕ್ಕ ಭಾರಿ ಗಟ್ಟಿ. ನಾಲ್ಕು ಜೋಳದ ರೊಟ್ಟಿ ಮುಗಿಸಿ, ಐದನೆಯದಕ್ಕೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಹಚ್ಚಿಕೊಂಡು ಬೆರಳು ನೆಕ್ಕುತ್ತ ಕೂರುವವಳು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನೀನು ಹೋದ ಮನೆಯ ಕಣಜ ಬರಿದಾಗುತ್ತದೆ ಎಂದು ಚಾಷ್ಟಿ ಮಾಡುತ್ತಲೇ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಮೊಮ್ಮಕ್ಕಳಲ್ಲಿ ಆಯಿಗೆ ನೀಲಕ್ಕನೇ ಜೀವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ನೀವು ಆಯಿಯನ್ನು ಕೆಟ್ಟವಳು ಅನ್ನಬಾರದು.

ಆ ದಿನ ಅಕ್ಕ ಗಾಣದಲ್ಲಿದ್ದವರಿಗೆ ಬುತ್ತಿ ಒಯ್ದಿದ್ದಳು. ಕುದ್ದ ಪಾಕವನ್ನು ಸುರಿಯಲು ನಾಲ್ವರು ಗಂಡಸರು ಕಡಾಯಿ ಎತ್ತಿದಾಗ ಒಬ್ಬನ ಕಾಲು ಜಾರಿತು. ಪಾಕ ಅಕ್ಕನ ಎಡಗಾಲ ಮೇಲೆ, ತೊಡೆಯಿಂದ ಹಿಮ್ಮಡಿಯವರೆಗೂ ಬಿತ್ತು. ನೀರಾದರೆ ಹರಿದು ಹೋಗುತ್ತದೆ, ಬೆಲ್ಲದ ಪಾಕ ಅಂಟಿಕೊಂಡು ಸುಡುತ್ತದೆ. ಅವಳ ಕೂಗು ನಮ್ಮ ಮನೆಯವರೆಗೂ ಕೇಳಿತು.

ಬೈಲಹೊಂಗಲದ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಜೀವಕ್ಕೆ ಭಯವಿಲ್ಲ, ಗಾಯ ತುಂಬಲು ವೇಳೆ ಹಿಡಿಯುತ್ತದೆ ಎಂದು ಮನೆಗೆ ಕಳಿಸಿದರು. ವಾರಕ್ಕೆ ಎರಡು ಸಲ ಪಟ್ಟಿ ಬದಲಿಸಲು ನರ್ಸಬಾಯಿ ನಮ್ಮ ಮನೆಗೇ ಬರುವುದೆಂದಾಯಿತು. ಅಕ್ಕನನ್ನು ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿಸಿದೆವು. ಅಂದಿನಿಂದಲೇ ಆಯಿಯ ಪಥ್ಯ ಸುರುವಾಯಿತು.

ನಮ್ಮ ಕಡೆ ಗಾಯವಾದವರಿಗೆ ಬೇಳೆ ಕೊಡುತ್ತಿರಲಿಲ್ಲ. ಬೇಳೆ ತಿಂದರೆ ಗಾಯ ಕೀವು ಹಿಡಿಯುತ್ತದೆ ಎಂಬ ನಂಬಿಕೆ. ಶೇಂಗಾ, ಬದನೆಕಾಯಿ, ಮೊಸರು, ಹಾಲು, ಎಣ್ಣೆ ಎಲ್ಲವೂ ನಂಜು. ಉಳಿದದ್ದು ಅಕ್ಕಿನುಚ್ಚಿನ ಗಂಜಿ. ಅದಕ್ಕೆ ಉಪ್ಪೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು, ಸಂಜೆ ಒಂದು. ಆಯಿಯೂ ಅದನ್ನೇ ಕುಡಿಯುತ್ತಿದ್ದಳು. ಮೊಮ್ಮಗಳ ಬಾಯಿಗಿಲ್ಲದ್ದು ನನಗೂ ಬೇಡ ಎಂದು ರೊಟ್ಟಿ ಬಿಟ್ಟೇಬಿಟ್ಟಳು. ಅಪ್ಪ ಬೈದರೂ, ಅವ್ವ ಕೈಮುಗಿದರೂ ಕೇಳಲಿಲ್ಲ. ಇಬ್ಬರೂ ಎದುರು ಬದುರು ಕೂತು ಅದೇ ಗಂಜಿ ಕುಡಿಯುತ್ತಿದ್ದರು. ನಮ್ಮ ಆಯಿಯದು ಅಂಥ ಪ್ರೀತಿ.

ಒಂದು ದಿನ ನರ್ಸಬಾಯಿ ಪಟ್ಟಿ ಬಿಚ್ಚಿ ಗಾಯ ನೋಡಿದಳು. ಅಕ್ಕನ ತೋಳು ಹಿಡಿದು ನೋಡಿದಳು. ಆಮೇಲೆ ಆಯಿಗೆ ಹೇಳಿದಳು:

"ಗಾಯ ತುಂಬಬೇಕಂದ್ರ ಮೈಯಾಗ ಏನರ ಇರಬೇಕಲ್ರಿ ಅಮ್ಮಾ. ಬ್ಯಾಳಿ ಕೊಡ್ರಿ, ಹಾಲ ಕೊಡ್ರಿ, ಶೇಂಗಾ ಕೊಡ್ರಿ. ದಿನಾ ಒಂದ ತತ್ತಿ ಕೊಟ್ರಂತೂ ಭಾಳ ಛಲೋ."

ತತ್ತಿ ಎಂಬ ಮಾತು ಬಂದದ್ದೇ ತಡ, ಆಯಿಯ ಮುಖ ಗಂಟಿಕ್ಕಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು, ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ನರ್ಸಬಾಯಿ ಹೊಸ್ತಿಲು ದಾಟಿದ ಕೂಡಲೇ ಆಯಿ ಇಡೀ ಪಡಸಾಲೆ ಸಾರಿಸಿದಳು. ಇಂಥದ್ದನ್ನು ತಿನ್ನು ಅನ್ನುವವಳ ಉಳಿದ ಮಾತಾದರೂ ಎಷ್ಟರದು ಎಂದು ಬೇಳೆ, ಹಾಲು, ಶೇಂಗಾ ಎಲ್ಲವನ್ನೂ ಮೊಟ್ಟೆಯ ಜೊತೆಗೇ ಹೊರಗೆ ಹಾಕಿದಳು. ನರ್ಸಬಾಯಿಯನ್ನು ಮತ್ತೆ ಒಳಗೆ ಬಿಡದೆ ಪಟ್ಟಿಯನ್ನೂ ತಾನೇ ಬದಲಿಸತೊಡಗಿದಳು. ನರ್ಸಬಾಯಿ ಆ ಒಂದು ಶಬ್ದ ಆಡದೆ ಹೋಗಿದ್ದರೆ ಬೇಳೆಯಾದರೂ ಉಳಿಯುತ್ತಿತ್ತೇನೋ. ಅವ್ವನ ಮನಸ್ಸು ಡೋಲಾಯಮಾನವಾಗಿತ್ತು, ನನಗೆ ಗೊತ್ತಿತ್ತು. ಆದರೆ ಅತ್ತೆಯ ಮುಂದೆ ಬಾಯಿ ಬಿಡಲಿಲ್ಲ.

ಸುಗ್ಗಿಯ ದಿನಗಳು, ಮನೆಯವರೆಲ್ಲ ಹೊಲಕ್ಕೆ ಹೋಗಬೇಕು. ಅಕ್ಕನನ್ನು ನೋಡಿಕೊಳ್ಳಲು ನನಗೆ ಶಾಲೆ ಬಿಡಿಸಿದರು. ನನಗೇನು, ಖುಷಿಯೇ. ಇಬ್ಬರೂ ಇಡೀ ದಿನ ಚೌಕಾಬಾರ ಆಡುತ್ತಿದ್ದೆವು. ಅಕ್ಕ ಮಲಗಿದಲ್ಲಿಂದಲೇ ಕವಡೆ ಹಾಕುವುದು, ಅವಳ ಕಾಯಿಗಳನ್ನೂ ನಾನೇ ನಡೆಸುವುದು. ನಡುನಡುವೆ ನಾನು ಮೋಸ ಮಾಡಿದರೆ ತಲೆಗೆ ಮೊಟಕುತ್ತಿದ್ದಳು. ದಿನ ಹೋದಂತೆ ಆ ಮೊಟಕು ತಾಗುತ್ತಲೇ ಇರಲಿಲ್ಲ, ಕೈಯಲ್ಲಿ ಅಷ್ಟು ಬಲ ಇಳಿದಿತ್ತು.

ಎಳ್ಳಮಾವಾಸ್ಯೆ ಬಂತು. ನಸುಕಿನಲ್ಲೇ ಎದ್ದು ಅವ್ವ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಮಾಡಿದಳು. ಭೂತಾಯಿಗೆ ಎಡೆ ಹಿಡಿದು ಪೈರಿಗೆ ಚರಗ ಚೆಲ್ಲಲು ಎಲ್ಲರೂ ಬುಟ್ಟಿ ಹೊತ್ತು ಹೊಲಕ್ಕೆ ಹೋದರು. ನಮ್ಮಿಬ್ಬರ ಜೊತೆ ಮನೆಯಲ್ಲಿ ಉಳಿದದ್ದು ಹುರಿದ ಶೇಂಗಾ, ಬೆಲ್ಲ, ಏಲಕ್ಕಿಯ ಘಮ, ಅಡುಗೆಮನೆಯಲ್ಲಿ ಮಿಕ್ಕ ನಾಲ್ಕು ಹೋಳಿಗೆ. ಆಟದಲ್ಲಿ ಗೆದ್ದರೆ ಒಂದು ಹೋಳಿಗೆ ತಂದುಕೊಡು ಎಂದು ಅಕ್ಕ ಪಣ ಕಟ್ಟಿದಳು. ಅವಳೇ ಗೆದ್ದಳು. ನೋಡುವವರು ಯಾರೂ ಇರದಿದ್ದರೂ ಲಂಗದೊಳಗೆ ಮುಚ್ಚಿ ಒಂದು ಹೋಳಿಗೆ ತಂದುಕೊಟ್ಟೆ. ಅವಳು ಅದನ್ನು ಒಮ್ಮೆಲೇ ತಿನ್ನಲಿಲ್ಲ. ಚೂರು ಚೂರೇ ಮುರಿದು, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ತಿಂದಳು. ಕೌದಿಯ ಮೇಲೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದಳು.

ಮರುದಿನ ಆಯಿ ಪಟ್ಟಿ ಬಿಚ್ಚಿದಾಗ ಗಾಯದಲ್ಲಿ ಕೀವು ಕಂಡಿತು. ಏನು ತಿಂದೆ ಎಂದು ಆಯಿ ಅಕ್ಕನನ್ನು ಕೇಳಿದಳು. ನಾನೇ ಅಳುತ್ತ ಒಪ್ಪಿಕೊಂಡೆ. ಆಯಿ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕೈ ಹಿಡಿದು ತನ್ನ ಕೊರಳ ಲಿಂಗದ ಮೇಲೆ ಇಟ್ಟುಕೊಂಡಳು.

"ನಿಮ್ಮಕ್ಕ ಉಳೀಬೇಕೋ ಇಲ್ಲೋ ಶಾಂತಾ? ಇನ್ನ ಆಕಿ ಬಾಯಿ ನೀನ ಕಾಯಬೇಕ ನೋಡ."

ಕಾಯ್ದೆ. ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆ. ಅಡುಗೆಮನೆಯ ಚಿಲಕ ಹಾಕಿ ಬಾಗಿಲಲ್ಲೇ ಕೂರುತ್ತಿದ್ದೆ. ಶೇಂಗಾ ಕೇಳಿದರೆ ಬೈಯುತ್ತಿದ್ದೆ, ಹಾಲು ಕೇಳಿದರೆ ಆಯಿಗೆ ಹೇಳುತ್ತೇನೆ ಅನ್ನುತ್ತಿದ್ದೆ. ಅಕ್ಕನನ್ನು ಉಳಿಸುವವಳು ನಾನೇ ಎಂಬ ಜಂಬ ಬೇರೆ.

ಒಂದು ಮಧ್ಯಾಹ್ನ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಬಿಸಿ ಬೇಳೆಸಾರು, ಅನ್ನ ಕಲಸಿ ಅಕ್ಕನಿಗೆ ಕೊಟ್ಟು ಹೋಗಿದ್ದಳು. ಒಳಗೆ ಬಂದು ನೋಡುತ್ತೇನೆ, ಅಕ್ಕ ಎರಡನೆಯ ತುತ್ತು ಎತ್ತಿದ್ದಾಳೆ. ಓಡಿಹೋಗಿ ತಾಟು ಕಸಿದುಕೊಂಡೆ. ಕೈಯಲ್ಲಿದ್ದ ತುತ್ತನ್ನೂ ಬಿಡಿಸಿಕೊಂಡೆ. ಬೆರಳು ಬಿಡಿಸುವುದು ಕಷ್ಟವೇನೂ ಆಗಲಿಲ್ಲ.

"ಹಸಿವಾಗೇತಿ ತಂಗಿ," ಎಂದಳು ಅಕ್ಕ. "ಗಾಯ ಅಲ್ಲ, ಹೊಟ್ಟಿ ಸುಡಾಕ ಹತ್ತೇತಿ."

"ನೀ ಉಳೀಬೇಕಂದ್ರ ತಿನಬಾರದು," ಎಂದೆ ನಾನು.

ಅವಳು ನನ್ನನ್ನೇ ನೋಡಿದಳು. ಆತು ಬಿಡು ಎಂದು ಗೋಡೆಯ ಕಡೆ ಹೊರಳಿದಳು. ಆಮೇಲೆ ಅಕ್ಕ ಏನನ್ನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟದ್ದಕ್ಕೆ ನನಗೆ ಸಮಾಧಾನವಾಗಿತ್ತು. ನನ್ನ ಹಾಳು ಸಮಾಧಾನಕ್ಕೆ ಬೆಂಕಿ ಬೀಳಲಿ.

ಶಿವರಾತ್ರಿಗೆ ಇನ್ನೂ ಎಂಟು ದಿನವಿದೆ ಎನ್ನುವಾಗ ಅಕ್ಕನ ಮೈ ಕೆಂಡದಂತೆ ಸುಡತೊಡಗಿತು. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಮತ್ತೆ ಬೈಲಹೊಂಗಲಕ್ಕೆ ಹೋದೆವು. ಡಾಕ್ಟರು ಕೌದಿ ಸರಿಸಿ ನೋಡಿದರು. ಅಕ್ಕನ ಮೈಯಲ್ಲಿ ಎಲುಬು, ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ. ಈ ಹುಡುಗಿಗೆ ತಿನ್ನಲು ಏನು ಕೊಡುತ್ತಿದ್ದಿರಿ ಎಂದು ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಪಥ್ಯದಾಗ ಒಂದ ತುತ್ತ ಸುದ್ದಾ ಹೆಚ್ಚುಕಮ್ಮಿ ಆಗಿಲ್ರಿ ಸಾಹೇಬ್ರ. ನಾನೂ ಆಕಿ ಜೋಡಿ ಬರೇ ಗಂಜಿ ಕುಡದೇನಿ."

ಡಾಕ್ಟರು ಅವಳ ಮುಖ ನೋಡಿದರು. ಕೌದಿಯನ್ನು ಮತ್ತೆ ಅಕ್ಕನ ಮೇಲೆ ಎಳೆದು, ಸಲಾಯಿನ್ ಹಚ್ಚಲು ಹೇಳಿದರು. ಮೂರನೆಯ ದಿನ ನೀಲಕ್ಕ ಹೋದಳು.

ಆಯಿ ಅದಾದ ಮೇಲೆ ಒಂಬತ್ತು ವರ್ಷ ಬದುಕಿದಳು. ಏನು ನಂಜಾಯಿತೋ, ಎಲ್ಲಿ ತಪ್ಪಿತೋ ಎಂದು ಕೊನೆಯವರೆಗೂ ನನ್ನನ್ನೇ ಕೇಳುತ್ತಿದ್ದಳು. ನಾನು ಕೊಟ್ಟ ಹೋಳಿಗೆಯೇ ಅಕ್ಕನನ್ನು ಕೊಂದಿತು ಎಂದು ನಾನೂ ನಂಬಿದ್ದೆ. ಮದುವೆಯಾಗಿ ಮುನವಳ್ಳಿಗೆ ಬಂದಮೇಲೂ ಆ ಮಾತನ್ನು ಗಂಡನಿಗೆ ಹೇಳಲು ಧೈರ್ಯವಾಗಲಿಲ್ಲ.

ಹೋದ ವರ್ಷ ಬೆಳಗಾವಿಯಲ್ಲಿ ನನ್ನ ಮಗಳಿಗೆ ಸಿಜೇರಿಯನ್ ಆಯಿತು. ಊಟದ ಬಗ್ಗೆ ಹೇಳಲು ಒಬ್ಬ ಚಿಕ್ಕ ಹುಡುಗಿ ಬಂದು ಕೈಗೆ ಚೀಟಿ ಕೊಟ್ಟಳು. ಬೇಳೆ, ಹಾಲು, ಶೇಂಗಾ, ಮೊಟ್ಟೆ, ಕಾಳು. ಆ ಚೀಟಿಯನ್ನು ಎರಡೆರಡು ಸಲ ಓದಿದೆ. ತಿಂದರೆ ಕೀವು ಹಿಡಿಯುವುದಿಲ್ಲವೇ ಎಂದು ಕೇಳಿದೆ. ತಿನ್ನದಿದ್ದರೇ ಹಿಡಿಯುತ್ತದೆ, ಗಾಯ ಕೂಡಿಕೊಳ್ಳಲು ಇವೇ ಬೇಕು ಎಂದು ಆ ಹುಡುಗಿ ನಗುತ್ತ ಹೇಳಿದಳು. ಅವಳಿಗೆ ಅದು ದಿನವೂ ಆಡುವ ಮಾತು.

ಈಗ ನಮ್ಮೂರಲ್ಲಿ ಗಾಣವಿಲ್ಲ, ಕಬ್ಬೆಲ್ಲ ಲಾರಿ ಹತ್ತಿ ಫ್ಯಾಕ್ಟರಿಗೆ ಹೋಗುತ್ತದೆ. ಆ ಪಡಸಾಲೆ ಇಲ್ಲ, ಅಲ್ಲಿ ಮಲಗಿದವಳೂ ಇಲ್ಲ, ಪಥ್ಯ ಮಾಡಿಸಿದ ಆಯಿಯೂ ಇಲ್ಲ. ನಿನ್ನ ತಪ್ಪಲ್ಲ ಶಾಂತಾ, ನಿನಗಾಗ ಹತ್ತು ವರ್ಷ ಎನ್ನಬಹುದಾಗಿದ್ದವಳು ಒಬ್ಬಳೇ, ಅವಳ ತಾಟನ್ನು ಕಸಿದವಳು ನಾನು.

ಆ ದಿನ ಮಧ್ಯಾಹ್ನ ಮಗಳಿಗೆ ಬೇಳೆ, ಅನ್ನ, ತುಪ್ಪ ಕಲಸಿ ತಿನ್ನಿಸಿದೆ. ಸ್ವಲ್ಪ ಹೊತ್ತಿಗೆ ಅವಳು ಮುಖ ತಿರುಗಿಸಿ, "ಸಾಕವ್ವ, ಹೊಟ್ಟಿ ತುಂಬೇತಿ," ಎಂದಳು. ತಾಟು ಕೆಳಗಿಟ್ಟು ಹೊರಗೆ ಹೋಗಿ ಅತ್ತೆ. ಆ ಚಳಿಗಾಲವಿಡೀ ನಮ್ಮ ನೀಲಕ್ಕ ಒಂದು ಸಲವೂ ಸಾಕು ಅಂದಿರಲಿಲ್ಲ.