ಗೋಡೆಯಾಚೆ ಕೇಳಿದ ಬೆಸಾಂವ್

ನಾನು ದೇವರನ್ನು ನಂಬುವವಳು. ಆದರೆ ದೇವರ ಹೆಸರಿನಲ್ಲಿ ಹೇಳುವ ಕತೆಗಳನ್ನೆಲ್ಲ ನಂಬಿದವಳಲ್ಲ. ಒಬ್ಬರ ಕನಸಿನಲ್ಲಿ ಮರಿಯಮ್ಮ ಬಂದರು, ಇನ್ನೊಬ್ಬರ ಮನೆಯ ಶಿಲುಬೆಯಿಂದ ಬೆಳಕು ಹೊರಟಿತು ಎಂದು ಇಗರ್ಜಿಯ ಅಂಗಳದಲ್ಲಿ ಹೆಂಗಸರು ಹೇಳುವಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆ. ಉಪವಾಸ ಹೆಚ್ಚಾದರೆ ಎಲ್ಲರಿಗೂ ಏನಾದರೊಂದು ಕಾಣುತ್ತದೆ ಎಂದು ಗೇಲಿ ಮಾಡಿದ್ದೂ ಉಂಟು. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ನನ್ನ ಗಂಡ ಅಲ್ಲಿ ಗಾರೆ ಕೆಲಸದ ಮೇಸ್ತ್ರಿ. ವಾರಕ್ಕೊಮ್ಮೆ ಸಾಗರದ ಬಾಡಿಗೆ ಮನೆಗೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯನ್ನು ಕೊಂಕಣಿಯಲ್ಲಿ ‘ಮಾಂಯ್’ ಎಂದು ಕರೆಯುತ್ತಿದ್ದೆ. ಅವರು ಘಟ್ಟದ ಕೆಳಗಿನ ಕೊಂಕಣಿ ಕ್ರಿಸ್ತುವರು. ನಾನು ತೀರ್ಥಹಳ್ಳಿಯವಳು. ನಾವೂ ಕ್ರಿಸ್ತುವರೇ, ಆದರೆ ನಮ್ಮ ಮನೆಮಾತೂ ಪ್ರಾರ್ಥನೆಯೂ ಕನ್ನಡ. ಆ ಒಂದು ವ್ಯತ್ಯಾಸಕ್ಕೆ ನಾನು ಎಷ್ಟು ತೆರಬೇಕಾಯಿತು ಎಂಬುದು ಮದುವೆಯ ದಿನ ನನಗೆ ಗೊತ್ತಿರಲಿಲ್ಲ.

ಅವರ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಮೊಣಕಾಲೂರಿ ತೆರ್ಸ್, ಅಂದರೆ ಜಪಮಾಲೆ, ಹೇಳುತ್ತಾರೆ. ಒಬ್ಬರು ಪ್ರಾರ್ಥನೆಯ ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಕೊನೆಗೆ ಕಿರಿಯರು ಕೈಮುಗಿದು ಹಿರಿಯರ ಹತ್ತಿರ ‘ಬೆಸಾಂವ್’ ಕೇಳಬೇಕು. ಹಿರಿಯರು ‘ದೇವರು ಒಳ್ಳೇದು ಮಾಡಲಿ’ ಎಂದು ಹರಸುತ್ತಾರೆ. ಬೆಸಾಂವ್ ಎಂದರೆ ಆ ಆಶೀರ್ವಾದ. ಮದುವೆಯಾಗಿ ಬಂದ ಮೊದಲ ಸಂಜೆ, ಸುಸ್ತಿನಲ್ಲಿ, ನನ್ನ ಬಾಯಿಂದ ಇನ್ನರ್ಧ ಕನ್ನಡದಲ್ಲಿ ಬಂದುಬಿಟ್ಟಿತು. ಮಾಂಯ್ ತೆರ್ಸನ್ನೇ ನಿಲ್ಲಿಸಿದರು.

“ಇದು ನಮ್ಮನೆ ತೆರ್ಸ್. ನಿನ್ನ ಭಾಷೇಲಿ ಹೇಳ್ಕೊಳ್ಳೋದಿದ್ರೆ ನಿನ್ನಪ್ಪನ ಮನೇಲಿ ಹೇಳ್ಕೋ.”

ಬೈಯುವುದಕ್ಕೆ ಮಾತ್ರ ಅವರಿಗೆ ಕನ್ನಡ ಸಾಕಾಗುತ್ತಿತ್ತು. ಆವತ್ತು ನಾನು ಬೆಸಾಂವ್ ಕೇಳಿದಾಗ ಅವರು ಮೇಣದಬತ್ತಿ ಆರಿಸಲು ಎದ್ದರು. ಮರುದಿನವೂ ಎದ್ದರು. ವರ್ಷಗಳುರುಳಿದವು. ನಾನು ಕೊಂಕಣಿ ತೆರ್ಸ್ ಕಲಿತೆ, ಮೀನು ಸಾರು ಅವರ ರುಚಿಗೇ ಮಾಡಲು ಕಲಿತೆ, ಆದರೆ ಬೆಸಾಂವ್ ಮಾತ್ರ ಸಿಗಲಿಲ್ಲ. ಮೊದಲ ಮಗು ಹುಟ್ಟಿ ವಾರದೊಳಗೆ ತೀರಿಕೊಂಡ ಸಂಜೆಯಾದರೂ ಕೊಟ್ಟಾರು ಅಂದುಕೊಂಡಿದ್ದೆ. ಆವತ್ತೂ ಎದ್ದು ಹೋದರು. ಆ ನೋವು ಮಗು ಹೋದ ನೋವಿಗಿಂತ ಕಡಿಮೆಯಿರಲಿಲ್ಲ ಎಂದರೆ ನೀವು ನಂಬಬೇಕು.

ಹಾಗಿದ್ದರೂ ನಾನು ಕೇಳುವುದನ್ನು ಬಿಡಲಿಲ್ಲ. ಅದು ಹಟವೂ ಹೌದು. ಆದರೆ ಬರೀ ಹಟದ ಮೇಲೆ ಮನುಷ್ಯ ಎಷ್ಟು ದಿನ ನಡೆದಾನು? ಇಗರ್ಜಿಯಲ್ಲಿ ಶಿಲುಬೆಯನ್ನು ನೋಡುತ್ತಾ ಕೂರುತ್ತಿದ್ದೆ. ಯೇಸುಸ್ವಾಮಿಯನ್ನೂ ಅವರ ಜೊತೆಯವರೇ ಬಿಟ್ಟು ಓಡಿದ್ದರು. ಹೊಡೆದವರ ಸಲುವಾಗಿಯೇ ಅವರು ತಂದೆಯ ಹತ್ತಿರ ಕ್ಷಮೆ ಕೇಳಿಕೊಂಡರು. ಅಷ್ಟು ದೊಡ್ಡ ಮನಸ್ಸು ನನಗೆಲ್ಲಿಂದ ಬರಬೇಕು? ಆದರೆ ನಾಳೆ ಒಂದು ದಿನ ಈ ಮನೆಯಲ್ಲಿ ಇರುವಷ್ಟು ಬಲ ಕೊಡು ಎಂದು ಕೇಳುತ್ತಿದ್ದೆ. ಅಷ್ಟು ಸಿಗುತ್ತಿತ್ತು.

ಆಮೇಲೆ ಮಾಂಯ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು, ಮಾತು ಪೂರ್ತಿ ನಿಂತಿತು. ಗಂಟಲಿನಿಂದ ಒಂದು ಗೊರಗೊರ ಸದ್ದು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಮಾತು ಇನ್ನು ಬರುವುದಿಲ್ಲ ಎಂದು ಡಾಕ್ಟರು ನಮ್ಮ ಎದುರಿಗೇ ಹೇಳಿದರು. ಹೊಸನಗರದಿಂದ ನಾದಿನಿ ಬಂದು ತಾಯಿಯನ್ನು ತಬ್ಬಿಕೊಂಡು ಅತ್ತಳು. ಅವಳ ಕಣ್ಣೀರಿಗೆ ಬಸ್ಸಿನ ಹೊತ್ತು ಚೆನ್ನಾಗಿ ಗೊತ್ತಿತ್ತು, ಸರಿಯಾಗಿ ಆಗಲೇ ನಿಂತಿತು. ಅಲ್ಲಿಗೆ ಚಾಕರಿಯೆಲ್ಲ ನನ್ನ ಪಾಲಿಗೆ ಬಂತು.

ನಾನು ಹೇಳಬೇಕೆಂದಿರುವ ಸಂಜೆ ಕ್ರಿಸ್ಮಸ್ಸಿಗೆ ಮುಂಚಿನ ಚಳಿಗಾಲದ್ದು. ಗಂಜಿ ಕುಡಿಸಲು ಹೋದರೆ ಮಾಂಯ್ ಎಡಗೈಯಿಂದ ಬಟ್ಟಲು ತಳ್ಳಿಬಿಟ್ಟರು. ಹಾಸಿಗೆ, ನನ್ನ ಸೀರೆ, ನೆಲ ಎಲ್ಲ ಗಂಜಿ. ಎಲ್ಲವನ್ನೂ ಒರೆಸಿ, ಅವರ ಬಟ್ಟೆ ಬದಲಾಯಿಸಿ, ನಡುಮನೆಯ ದೇವರ ಪೀಠದ ಮುಂದೆ ಬಂದು ಕುಳಿತಾಗ ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ದಿನವೂ ಅವರಿಗೆ ಕೇಳಿಸಲೆಂದು ಎರಡೂ ಅರ್ಧ ನಾನೇ ಕೊಂಕಣಿಯಲ್ಲಿ ಹೇಳುತ್ತಿದ್ದೆ. ಆವತ್ತು ಕೊಂಕಣಿ ನಾಲಗೆಗೆ ಬರಲೇ ಇಲ್ಲ. ಅವ್ವ ಕಲಿಸಿದ ಹಾಗೆ ಕನ್ನಡದಲ್ಲಿ ಶುರು ಮಾಡಿದೆ.

ಮೊದಲರ್ಧ ಹೇಳಿ ಉಸಿರು ತೆಗೆದುಕೊಂಡೆ. ಇನ್ನರ್ಧ ಒಳಗಿನ ಕೋಣೆಯಿಂದ ಬಂತು.

ಮಾಂಯ್ ದನಿ. ಲಕ್ವ ಹೊಡೆಯುವ ಮುಂಚಿನ, ಗಟ್ಟಿಯಾದ ದನಿ. ‘ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ’ ಎಂದು ಸ್ವಚ್ಛ ಕನ್ನಡದಲ್ಲಿ. ಜಪಸರದ ಮುಂದಿನ ಮಣಿ ಹಿಡಿದು ಮತ್ತೆ ಮೊದಲರ್ಧ ಹೇಳಿದೆ. ಎರಡನೆಯ ಮಣಿಗೂ ಉತ್ತರ ಬಂತು, ಮೂರನೆಯದಕ್ಕೂ ಬಂತು. ನಾನು ಮುಂದುವರಿಸಿದ್ದು ಭಕ್ತಿಯಿಂದಲ್ಲ, ನಿಲ್ಲಿಸಿದರೆ ಏನಾಗುವುದೋ ಎಂಬ ಭಯದಿಂದ. ಹಾಗೇ ಇಡೀ ತೆರ್ಸ್ ಇಬ್ಬರೂ ಹೇಳಿ ಮುಗಿಸಿದೆವು. ಕೊನೆಗೆ ಕೈಮುಗಿದು, ಕುಳಿತಲ್ಲಿಂದಲೇ, “ಬೆಸಾಂವ್ ದೀ ಮಾಂಯ್” ಎಂದೆ.

ಒಳಗಿನಿಂದ ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಕಾದೆ. ದೀಪ ಹಿಡಿದು ಒಳಗೆ ಹೋದರೆ ಮಾಂಯ್ ನಾನು ಮಲಗಿಸಿದ ಹಾಗೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಣ್ಣು ತೆರೆದಿತ್ತು, ದಿಂಬು ಒದ್ದೆಯಾಗಿತ್ತು. “ಮಾಂಯ್, ನೀವೇನಾ ಹೇಳಿದ್ದು?” ಎಂದೆ. ಸೊಟ್ಟ ಬಾಯಿಂದ ಅದೇ ಗೊರಗೊರ ಸದ್ದು ಬಂತು, ಅಷ್ಟೆ. ದಣಿದ ತಲೆಗೆ ಏನೋ ಕೇಳಿಸಿದೆ ಎಂದುಕೊಂಡೆ. ಇಗರ್ಜಿಯ ಹೆಂಗಸರ ಸಾಲಿಗೆ ನಾನೂ ಸೇರಿದೆನಲ್ಲ ಎಂದು ನಾಚಿಕೆಯೂ ಆಯಿತು.

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಸೀತಮ್ಮ ಸಿಕ್ಕಿದರು. ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಯವರು. ಅವರ ಮನೆಗೂ ಮಾಂಯ್ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಅವರು ಮಾಂಯ್‌ಗೆ ಬಾಯಮ್ಮ ಎನ್ನುತ್ತಿದ್ದರು.

“ಎಂತ ಮಾರಾಯ್ತಿ, ಬಾಯಮ್ಮಂಗೆ ಮಾತು ಬಂದದ್ದು ಒಂದು ಮಾತು ಹೇಳ್ಬಾರ್ದಾ?” ಎಂದರು. “ನಿನ್ನೆ ನೀವಿಬ್ರೂ ಪ್ರಾರ್ಥನೆ ಮಾಡ್ತಿದ್ದದ್ದು ಕೇಳ್ತು. ಕಡೀಗೆ ‘ದೇವ್ರು ಒಳ್ಳೇದು ಮಾಡ್ಲಿ ಮಗಾ’ ಅಂದ್ರಲ್ಲ, ನಂಗೆ ಅಳುನೇ ಬಂತು ಕಣೆ.”

ನನ್ನ ಕೈಯ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಬೆಸಾಂವ್ ವಿಷಯ ನಾನು ಸೀತಮ್ಮನಿಗೆ ಎಂದೂ ಹೇಳಿದವಳಲ್ಲ. ಮನೆಯ ಅವಮಾನವನ್ನು ಬಾವಿಕಟ್ಟೆಗೆ ತರುವುದು ನನಗೆ ಆಗದ ಮಾತು. ತೆರ್ಸ್ ಕೊನೆಯಲ್ಲಿ ನಾವು ಏನು ಕೇಳುತ್ತೇವೆ, ಹಿರಿಯರು ಏನು ಹೇಳುತ್ತಾರೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಮಾಂಯ್ ಆಮೇಲೆ ಈಸ್ಟರ್ ಹಬ್ಬದವರೆಗೂ ಇದ್ದರು. ಒಂದೇ ಒಂದು ಮಾತೂ ಆಡಲಿಲ್ಲ. ನಾನು ಸಂಜೆ ಬೆಸಾಂವ್ ಕೇಳಿದಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಎದ್ದು ಹೋಗಲು ಅವರಿಗೆ ಆಗುತ್ತಿರಲಿಲ್ಲ ನಿಜ, ಆದರೆ ಕಣ್ಣನ್ನೂ ತಿರುಗಿಸುತ್ತಿರಲಿಲ್ಲ. ಒಲೆಯ ಮುಂದೆ ನಾನು ಕನ್ನಡದಲ್ಲಿ ಗೊಣಗಿಕೊಳ್ಳುತ್ತಿದ್ದ ಪ್ರಾರ್ಥನೆಯನ್ನು ಕೇಳಿ ಕೇಳಿ ಕಲಿತಿದ್ದಿರಬಹುದು ಎಂದು ನನ್ನ ಗಂಡ ಹೇಳುತ್ತಿದ್ದರು. ಇರಬಹುದು. ಆದರೆ ಆ ನಾಲಗೆ ಹೇಗೆ ಹೊರಳಿತು? ಬೆಸಾಂವ್ ಬೇಡಿದ ನನಗೇ ಕೊನೆಯ ಮಾತು ಕೇಳಿಸದೆ, ಗೋಡೆಯಾಚೆ ಇದ್ದವರಿಗೆ ಹೇಗೆ ಕೇಳಿಸಿತು? ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಈಗ ನಮ್ಮ ಮನೆಯಲ್ಲಿ ಸಂಜೆ ನನ್ನ ಸೊಸೆ ಕೈಮುಗಿದು ಬೆಸಾಂವ್ ಕೇಳುತ್ತಾಳೆ. ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ ಅತ್ತೆ, ಎಂದು ನಗುತ್ತಾಳೆ. ನಾನು ಮಾತ್ರ ಪಕ್ಕದ ಮನೆಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳುತ್ತೇನೆ.