ತಪ್ಪು ಬರೆದರೂ ಸಿಕ್ಕಿತು

ನನ್ನ ತಲೆಯಲ್ಲಿ ಸರಿಯಾದ ಕನ್ನಡಕ್ಕಿಂತ ತಪ್ಪು ಕನ್ನಡವೇ ಹೆಚ್ಚು ತುಂಬಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬ್ಯಾಡಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವನು ನಾನು. ಪೇಟೆಯ ಕಡೆಯಿಂದ ಮೆಣಸಿನಕಾಯಿಯ ಘಾಟು ಬಂದಾಗ ಸೀನುತ್ತ ಸೀನುತ್ತ ಉತ್ತರಪತ್ರಿಕೆ ತಿದ್ದಿದವನು. ‘ಭೂಮಿ’ ಎಷ್ಟು ಸಲ ‘ಬೂಮಿ’ಯಾಯಿತು, ‘ವಿದ್ಯಾರ್ಥಿ’ ಎಷ್ಟು ಸಲ ‘ವಿದ್ಯಾರ್ತಿ’ಯಾದ, ನನಗೇ ಲೆಕ್ಕವಿಲ್ಲ. ಅಚ್ಚಗನ್ನಡದ ಮಾತುಗಳಲ್ಲಿ ಮಹಾಪ್ರಾಣ ಸಿಗುವುದೇ ಅಪರೂಪ. ಸಂಸ್ಕೃತದಿಂದ ಬಂದ ಆ ಅಕ್ಷರಗಳು ನಮ್ಮ ಕಡೆಯ ನಾಲಿಗೆಗೆ ಇನ್ನೂ ಪರಸ್ಥಳದವರೇ. ವ್ಯಾಕರಣಕಾರರು ಅವಕ್ಕೆ ಮಹಾಪ್ರಾಣ ಎಂದು ಹೆಸರಿಟ್ಟರು. ನನ್ನ ತರಗತಿಯ ಮಕ್ಕಳ ಪ್ರಾಣ ಹೋಗುತ್ತಿದ್ದುದೂ ಸರಿಯಾಗಿ ಅಲ್ಲಿಯೇ.

ನಿವೃತ್ತನಾದ ಮರುವರ್ಷ ಹಳೆಯ ವಿದ್ಯಾರ್ಥಿನಿ ರೇಣುಕಾ ಮನೆಗೆ ಬಂದಳು. ಅವಳೂ ಅವಳ ಇಬ್ಬರು ಗೆಳತಿಯರೂ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಒಂದು ಸರ್ಚ್ ಇಂಜಿನ್ ಕಟ್ಟುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿ ಬಿದ್ದಿದ್ದ ಕನ್ನಡ ಪುಟಗಳನ್ನು ಹುಡುಕಿಕೊಡುವುದಷ್ಟೇ ಅದರ ಕೆಲಸ. ಹುಡುಕುವವರು ಒಂದಕ್ಷರ ತಪ್ಪಿದರೂ ಅದು ಬಾಯಿ ಮುಚ್ಚಿ ಕೂಡುತ್ತಿತ್ತಂತೆ.

“ಸರ, ನಮಗ ತಪ್ಪು ಬೇಕಾಗ್ಯಾವ್ರಿ,” ಎಂದಳು.

“ತಪ್ಪಾ? ನಾ ಏನ್ ತಪ್ಪು ಮಾಡೇನವಾ?”

“ನೀವು ಮಾಡಿದ್ದಲ್ರಿ, ತಿದ್ದಿದ್ದು. ಮಂದಿ ಹೆಂಗೆಂಗ ತಪ್ಪು ಬರೀತಾರ ಅನ್ನೂದು ನಿಮ್ಮಷ್ಟು ಯಾರಿಗೆ ಗೊತ್ತೈತ್ರಿ? ಎಲ್ಲಾ ಬರದು ಕೊಡ್ರಿ. ಶಾಲೆಗೆ ಸಾಲಿ, ಬೇನೆಗೆ ಬ್ಯಾನಿ ಅಂತೀವಲ್ರಿ, ಅವನ್ನೂ ಬಿಡಬ್ಯಾಡ್ರಿ.”

“ಅವು ತಪ್ಪಲ್ಲ ತಂಗಿ, ನಮ್ಮ ಆಡುಮಾತು.”

“ನನ್ನ ನೋಟ್‌ಬುಕ್ಕಿನ್ಯಾಗ ಕೆಂಪು ಗೆರಿ ಹೊಡದಿದ್ರಿ ಸರ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ತಿಂಗಳು ಕೂತು ಮೂರು ನೋಟ್‌ಬುಕ್ ತುಂಬ ತಪ್ಪು ಬರೆದೆ. ಇಷ್ಟು ಶ್ರದ್ಧೆಯಿಂದ ನಾನು ಸರಿಯಾದದ್ದನ್ನೂ ಎಂದೂ ಬರೆದಿರಲಿಲ್ಲ. ನನ್ನ ಹೆಂಡತಿ ಹಣಿಕಿ ನೋಡಿ, “ವಯಸ್ಸಾದಂಗ ಎಲ್ಲಾ ಮರಿಯಾಕತ್ತೀರೇನ್ರಿ?” ಎಂದು ಗಾಬರಿಯಾದಳು.

ಅದಾದ ಮೇಲೆ ಒಂದು ದಿನ ರೇಣುಕಾ ನನ್ನನ್ನು ರಾಣೇಬೆನ್ನೂರಿಗೆ ಕರೆಸಿಕೊಂಡಳು. ತಪ್ಪುಗಳನ್ನು ಅರಗಿಸಿಕೊಂಡ ಹೊಸ ಸರ್ಚ್ ಇಂಜಿನ್ ಸಿದ್ಧವಾಗಿತ್ತು. ಜೊತೆಗೆ ಗುಂಡಿ ಒತ್ತುವ ಸಾದಾ ಫೋನಿಗೆ ಹಾಕುವ ಅಪ್ಲಿಕೇಶನ್ ಒಂದು ಬಂದಿತ್ತು. ಕನ್ನಡವೇ ಬಾರದ ಫೋನಿಗೂ ಅದು ತನ್ನ ಅಕ್ಷರಗಳನ್ನು ತಾನೇ ಹೊತ್ತು ತರುತ್ತಿತ್ತು. ಮಾಳಿಗೆಯಲ್ಲಿ ಅವಳ ತಾಯಿ ಹನುಮವ್ವ ಕೂತಿದ್ದರು. ತುಂಗಭದ್ರೆಯ ದಡದ ಐರಣಿಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದ ಹೆಂಗಸು. ಓದು ಬರಹ ಕಲಿತದ್ದು ನಡುವಯಸ್ಸಿನಲ್ಲಿ, ಸಾಕ್ಷರತೆಯ ತರಗತಿಯಲ್ಲಿ.

ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿ ಸ್ವಲ್ಪ ದಿನವಾಗಿತ್ತು. ಅದೇ ಕಾಯಿಲೆಯಿಂದ ಓಣಿಯ ಒಬ್ಬರ ಕಾಲು ಕತ್ತರಿಸಿದ್ದನ್ನು ಕಂಡಿದ್ದ ಅವರು ತಮ್ಮ ಕಾಲೂ ಹೋಯಿತೆಂದೇ ತಿಳಿದಿದ್ದರು. ಕಾಲು ಹೋದರೆ ಯಂತ್ರ ತುಳಿಯುವವರು ಯಾರು? ಅದನ್ನು ಮಾರಲು ಗಿರಾಕಿಯನ್ನೂ ಗೊತ್ತುಮಾಡಿದ್ದರು. ಗುಳಿಗೆ ಮುಟ್ಟುತ್ತಿರಲಿಲ್ಲ. “ಕಾಲು ಉಳಿತಾವ ಅಂತ ನಾ ಹೇಳಿದ್ರ, ಸಮಾಧಾನಕ್ಕ ಹೇಳ್ತಿ ಅಂತಾಳ್ರಿ,” ಎಂದು ರೇಣುಕಾ ನನ್ನ ಕಿವಿಯಲ್ಲಿ ಹೇಳಿದಳು.

ಆಮೇಲೆ ಫೋನನ್ನು ತಾಯಿಯ ಕೈಗೆ ಕೊಟ್ಟಳು. ಕತ್ತರಿ ಹಿಡಿದು ಗಟ್ಟಿಯಾದ ಹೆಬ್ಬೆರಳಿನಿಂದ ಹನುಮವ್ವ ಒಂದೊಂದೇ ಗುಂಡಿ ಒತ್ತಿದರು: ‘ಸಕ್ರಿ ಬ್ಯಾನಿ ಕಾಲ’. ಪರದೆ ಒಂದು ಕ್ಷಣ ಸುಮ್ಮನಿತ್ತು. ನಂತರ ಮೂಡಿತು: ‘ಸಕ್ಕರೆ ಕಾಯಿಲೆ, ಮಧುಮೇಹ – ಇದರ ಬಗ್ಗೆ ಕೇಳುತ್ತಿದ್ದೀರಾ?’

ಇಪ್ಪತ್ತೆಂಟು ವರ್ಷ ನಾನು ಮಾಡದೆ ಬಿಟ್ಟ ಕೆಲಸವನ್ನು ಅಂಗೈಯಗಲದ ಪೆಟ್ಟಿಗೆ ಮಾಡಿತ್ತು. ‘ನೀವು ಬರೆದದ್ದು ತಪ್ಪು’ ಎನ್ನಲಿಲ್ಲ, ‘ನೀವು ಏನು ಹೇಳುತ್ತಿದ್ದೀರಿ’ ಎಂದು ಕೇಳಿತ್ತು.

ಯಾರೋ ವೈದ್ಯರು ಬರೆದ ಪುಟ ಸಿಕ್ಕಿತು. ಹನುಮವ್ವ ತುಟಿ ಅಲುಗಿಸುತ್ತ ಅಕ್ಷರ ಕೂಡಿಸಿ ಓದಿದರು. ಔಷಧಿ, ಊಟ, ನಡಿಗೆ, ದಿನಾ ಪಾದ ನೋಡಿಕೊಳ್ಳುವುದು. ಒಂದು ಸಾಲಿಗೆ ಬಂದು ನಿಂತರು, ಮತ್ತೆ ಮೊದಲಿಂದ ಓದಿದರು.

“ಎಲ್ಲಾರಿಗೂ ಕಾಲ ಹೋಗಂಗಿಲ್ಲಂತ,” ಎಂದರು ಮೆಲ್ಲಗೆ. “ನೋಡಿಕೊಂಡ್ರ ಉಳಿತಾವಂತ.”

“ನಾನೂ ಇದನ್ನಽ ಹೇಳಿದ್ನಲ್ಲವ್ವಾ!”

“ನೀ ಮಗಳು. ನಾ ಅಳೂದು ನೋಡಲಾರದ ಹೇಳ್ತಿ. ಇದಕ್ಕೇನ್ ನಾ ಅವ್ವ ಆಗಬೇಕೇನು?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಮಿಷನ್ ಮಾರೂದಿಲ್ಲ ಅಂತ ಆ ಗಿರಾಕಿಗೆ ಹೇಳಿಬಿಡು.” ಗುಳಿಗೆಯ ಚೀಟಿ ಅವರ ಚೀಲದಲ್ಲೇ ಇತ್ತು, ಮಗಳು ಕೆಳಗಿಳಿದು ಔಷಧಿ ಅಂಗಡಿಗೆ ಹೋಗಿ ಬಂದಳು.

ಹುರುಪು ಬಂದ ಹನುಮವ್ವ ‘ಐರಣಿ’ ಎಂದು ಒತ್ತಿದರು. ಏನೂ ಸಿಗಲಿಲ್ಲ. ಸರಿಯಾಗಿಯೇ ಬರೆದಿದ್ದರು, ನಾನು ಎರಡೆರಡು ಸಲ ನೋಡಿದೆ.

“ನಮ್ಮೂರು ಇದಕ್ಕ ಗೊತ್ತಿಲ್ಲೇನ್ರಿ ಮಾಸ್ತರ?”

“ಯಾರರ ಬರದಿದ್ರ ಹುಡುಕಿ ಕೊಡತೈತ್ರಿ. ಕನ್ನಡದಾಗ ಯಾರೂ ಬರದಿಲ್ಲ ಕಾಣಸ್ತೈತಿ.”

“ಹಂಗಾರ ಒಂದ ಹಾಳಿ ಕೊಡ್ರಿ,” ಎಂದರು.

ಒಂದು ತಾಸು ಬರೆದರು. ಹೊಳೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಕಲ್ಲಿನ ಮೇಲೆ ಅರಿವೆ ಒಗೆದರೆ ಲಗೂ ಬೆಳ್ಳಗಾಗುತ್ತವೆ, ಬೇಸಿಗೆಯಲ್ಲಿ ಆಚೆ ದಡಕ್ಕೆ ಎಲ್ಲಿಂದ ನಡೆದು ದಾಟಬೇಕು. ರೇಣುಕಾ ಅದನ್ನು ಇದ್ದಂತೆಯೇ ಟೈಪ್ ಮಾಡಿ ಇಂಟರ್‌ನೆಟ್ಟಿಗೆ ಏರಿಸಿದಳು.

ಕೆಲವು ವಾರಗಳ ಮೇಲೆ ಅವಳ ಫೋನು ಬಂತು. “ಸರ, ಯಾರೋ ಒಬ್ಬರು ಐರಣಿ ಅಂತ ಹುಡುಕ್ಯಾರ್ರಿ. ಅವ್ವ ಬರದದ್ದು ಸಿಕ್ಕೈತಿ ಅವರಿಗೆ. ಯಾರು, ಎಲ್ಲಿಯವರು, ಗೊತ್ತಾಗಂಗಿಲ್ರಿ.”

ಫೋನಿಟ್ಟೆ. ಎಲ್ಲಿಯೋ ಇರುವ, ಎಂದೂ ಕಾಣದ ಒಬ್ಬ ಮನುಷ್ಯ, ಬೇಸಿಗೆಯಲ್ಲಿ ತುಂಗಭದ್ರೆಯನ್ನು ಎಲ್ಲಿ ದಾಟಬೇಕೆಂಬುದನ್ನು ಹನುಮವ್ವನವರಿಂದ ಕೇಳಿ ತಿಳಿದುಕೊಂಡಿದ್ದ.