ಮಡಚಿಟ್ಟ ಬಟ್ಟೆ

"ಒಳಗೆ ಬನ್ನಿ, ಜಾಗ ಇದೆ" ಎಂದು ದಿನವಿಡೀ ಬಸ್ಸಿನಲ್ಲಿ ನಿಂತೇ ಗಂಟಲು ಹರಿದುಕೊಳ್ಳುವ ಕಂಡಕ್ಟರಮ್ಮ, ಮನೆಯಲ್ಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳೇ. ಒಲೆ, ಪಾತ್ರೆ, ಪೊರಕೆ ಎಲ್ಲ ಮುಗಿದ ಮೇಲೆ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂರುತ್ತಾಳೆ. ಮಗಳು ಎದುರಿಗೆ ಕೂತು, ಕಾಲುಚೀಲ ಜೋಡಿಸುತ್ತಾ ಶಾಲೆಯ ಪುರಾಣವನ್ನೆಲ್ಲ ಬಿಚ್ಚುತ್ತಾಳೆ.

ಮೊನ್ನೆ ಸಂಜೆ, ಹೆಂಡತಿಗೆ ಪುರುಸೊತ್ತೇ ಇಲ್ಲವಲ್ಲ ಎಂದು ಗಂಡನ ಕರುಳು ಚುರುಕ್ಕೆಂದಿತು. ಅವಳು ಬರುವಷ್ಟರಲ್ಲಿ ರಾಶಿಯನ್ನೆಲ್ಲ ಮಡಚಿಟ್ಟು, ಕೋಟೆ ಗೆದ್ದವನಂತೆ ಎದೆಯುಬ್ಬಿಸಿ ಬಾಗಿಲಲ್ಲಿ ನಿಂತ.

ಅಮ್ಮ ಒಳಗೆ ಕಾಲಿಟ್ಟಳೋ ಇಲ್ಲವೋ, ಮಗಳು ಮಡಚಿದ್ದನ್ನೆಲ್ಲ ಒದರಿ ಚಾಪೆಯ ಮೇಲೆ ಸುರಿದಳು.

"ಅಯ್ಯೋ, ಸೊಂಟ ಬಿದ್ದುಹೋಗೋ ಹಾಗೆ ಮಡಚಿದ್ದೆ ಕಣೇ!" ಎಂದ ಅಪ್ಪ.

"ಹೋಗಪ್ಪಾ! ಬಟ್ಟೆ ಮಡಚೋವಾಗ ಮಾತ್ರ ಅಮ್ಮ ಒಂದು ಕಡೆ ಕೂತ್ಕೊಳ್ಳೋದು. ಅದನ್ನೂ ನೀನೇ ಮುಗಿಸಿಬಿಟ್ರೆ?"

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಕಂಡಕ್ಟರಮ್ಮ ಚೀಲವನ್ನು ಮೂಲೆಗಿಟ್ಟು, ನಗು ತಡೆದುಕೊಂಡು ರಾಶಿಯ ಮುಂದೆ ಕೂತಳು. ಮಗಳು ಆಗಲೇ ಒಂಟಿ ಕಾಲುಚೀಲ ಹಿಡಿದು ಶಾಲೆಯ ಕತೆ ಶುರುಮಾಡಿದ್ದಳು. ಬಾಗಿಲಲ್ಲೇ ಪೆಚ್ಚಾಗಿ ನಿಂತಿದ್ದ ಗಂಡನತ್ತ ತಿರುಗಿ, ಕಂಡಕ್ಟರಮ್ಮ ತನ್ನ ಪಕ್ಕದಲ್ಲಿ ಚಾಪೆಯನ್ನು ತಟ್ಟಿದಳು.

"ಒಳಗೆ ಬನ್ನಿ, ಜಾಗ ಇದೆ."